ಹಂಚಿನ ಮೇಲಿನ ಒಡಪು

"ಕೂಸಿನ್ನ ಬಿಟ್ಟ ಬಂದಳಾ?"

ಸಾಯಿರಾ ಮೊಬೈಲನ್ನು ರಕ್ತದ ಸ್ಯಾಂಪಲ್ಲುಗಳ ಪಕ್ಕ ಕುಕ್ಕಿದಳು. "ಎಂಟ ತಿಂಗಳ ಕೂಸು! ಮಲಗಿಸಿ, ಕಿವ್ಯಾಗ ಒಂದ ಒಡಪ ಹೇಳಿ, ಬಾವಿ ಮೆಟ್ಲಾ ಹತ್ತಿ ಬಂದ ಬಿಟ್ಳು. ನಿನಗ ಮನಸರ ಹ್ಯಾಂಗ ಬಂತ ಸೃಷ್ಟಿ? ನಾ ಬಸ್ಸಿನ್ಯಾಗ ಓದ್ಕೋತ ಬಂದೆ. ಪೀರನವಾಡಿಯೊಳಗ ಅಳಾಕ ಚಾಲೂ ಮಾಡಿದಾಕಿ ಬಸ್‌ಸ್ಟ್ಯಾಂಡಿನ ತನಕಾ ಅತ್ತೇನಿ. ಬಾಜೂ ಕುಂತ ಮುದುಕಿ ನಮ್ಮ ಮನ್ಯಾಗ ಯಾರೋ ತೀರಕೊಂಡಾರ ಅಂತ ತಿಳದು ಬಾಳಿಹಣ್ಣ ಕೊಟ್ಳು."

"ತಿಂದೇನು?"

"ತಿಂದೆ. ಅದು ಬ್ಯಾರೆ ಮಾತು."

ಬೆಳಗಾವಿಯ ನೆಹರು ನಗರದ ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ಇಬ್ಬರೂ ಒಟ್ಟಿಗೆ ಕೆಲಸಕ್ಕೆ ಸೇರಿದವರು. ಸೃಷ್ಟಿ ಕಾದಂಬರಿ ಬರೆಯುವ ವಿಷಯ ಅಲ್ಲಿ ಸಾಯಿರಾಳಿಗೆ ಮಾತ್ರ ಗೊತ್ತಿತ್ತು. ಆರು ತಿಂಗಳಿಂದ ಮೊಬೈಲಿನ ಆ್ಯಪ್ ಒಂದರಲ್ಲಿ, ವಾರಕ್ಕೊಂದು ಅಧ್ಯಾಯದಂತೆ, 'ಹನ್ನೊಂದನೇ ಮೆಟ್ಟಿಲು' ನಡೆದಿತ್ತು. ಮೇಘನಾ ಎಂಬ ನರ್ಸು ಹಳೆಯ ಕೋಟೆಯ ಬಾವಿಗೆ ಇಳಿಯುತ್ತಾಳೆ. ಹನ್ನೊಂದನೇ ಮೆಟ್ಟಿಲಿಗೆ ಕಾಲಿಟ್ಟರೆ ಮುನ್ನೂರು ವರ್ಷ ಹಿಂದೆ. ಅಲ್ಲಿ ವೀರನಾಯಕ ಎಂಬ ಕುದುರೆ ಸವಾರ. ಮೇಘನಾಳ ಕಾಲಿಗೆ ಆ ಕಾಲದ ಧೂಳು ಹತ್ತುವ ಮೊದಲೇ ಪ್ರೇಮ ಹತ್ತಿತ್ತು. ಓದುಗರು ಅದನ್ನೂ ಕ್ಷಮಿಸಿದ್ದರು. ಮಾಯಪ್ಪ ಎಂಬ ನಿವೃತ್ತ ಮೇಷ್ಟರೊಬ್ಬರು ಮಾತ್ರ ಪ್ರತಿ ವಾರ ತಪ್ಪದೆ ತಕರಾರು ಬರೆಯುತ್ತಿದ್ದರು: 'ಆ ಕಾಲದಲ್ಲಿ ಟೊಮೆಟೊ ಇರಲಿಲ್ಲ. ಹನ್ನೆರಡನೇ ಅಧ್ಯಾಯದ ಸಾರನ್ನು ತಿದ್ದಿರಿ.' ಉಳಿದವರಿಗೆ ಸಾರಿನ ಚಿಂತೆ ಇರಲಿಲ್ಲ. 'ಇಂಥ ಗಂಡ ಸಿಗುವುದಾದರೆ ನಾನು ಇಪ್ಪತ್ತೆರಡನೇ ಮೆಟ್ಟಿಲೂ ಇಳಿದೇನು' ಎಂದು ಬರೆದವರೇ ಹೆಚ್ಚು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆರು ತಿಂಗಳು ಗಳಿಸಿದ ಪ್ರೀತಿಯೆಲ್ಲ ನಿನ್ನೆಯ ಕೊನೆಯ ಅಧ್ಯಾಯದಲ್ಲಿ, ಮೇಘನಾ ಕೂಸನ್ನು ವೀರನಾಯಕನ ಬಳಿ ಬಿಟ್ಟು ತನ್ನ ಕಾಲಕ್ಕೆ ಮರಳಿದ ಕೂಡಲೇ, ಹೋಗಿತ್ತು. ಬೆಳಗಾಗುವಷ್ಟರಲ್ಲಿ ಮುನ್ನೂರು ಪ್ರತಿಕ್ರಿಯೆ. 'ನಿಮಗೆ ಮಕ್ಕಳಿಲ್ಲ ಅಂತ ಕಾಣುತ್ತದೆ.' 'ನಾಯಿ ಕೂಡ ಮರಿ ಬಿಟ್ಟು ಹೋಗುವುದಿಲ್ಲ.' 'ಇಂಥ ತಾಯಿಯ ಬಾಯಲ್ಲಿ ಮಣ್ಣು ಬೀಳಲಿ.' ಮಾಯಪ್ಪ ಮೇಷ್ಟರು ಕೂಡ ಇತಿಹಾಸ ಮರೆತು, 'ಅಮ್ಮಾ, ಇದು ಸರಿಯಲ್ಲ' ಎಂದಷ್ಟೇ ಬರೆದಿದ್ದರು. ಸೃಷ್ಟಿಗೆ ಎಲ್ಲಕ್ಕಿಂತ ನಾಟಿದ್ದು ಅದೇ.

"ಇವತ್ತ ಮನೀಗೆ ಹೋಗಿ ಬದಲ ಮಾಡ," ಅಂದಳು ಸಾಯಿರಾ. "ಕೂಸಿನ್ನ ಕರ್ಕೊಂಡ ಬರಲಿ. ನಿನ್ನ ಬಾವಿ, ನಿನ್ನ ಮೆಟ್ಲಾ. ಯಾರ ಬ್ಯಾಡ ಅಂತಾರ?"

"ನಮ್ಮ ಆಯೀನ್ನ ಕೇಳಬೇಕು," ಅಂದಳು ಸೃಷ್ಟಿ. "ಅದನ್ನ ಹೇಳಿದಾಕಿ ಆಕಿ."

ಅದು ನಿಜವೇ ಆಗಿತ್ತು. ಹದಿನೈದು ದಿನದ ಹಿಂದೆ ಸೃಷ್ಟಿ ಕತೆ ಮುಗಿಸಲು ಬಾರದೆ ತಲೆ ಕೆರೆದುಕೊಳ್ಳುತ್ತ ಕೂತಿದ್ದಾಗ, ಅಜ್ಜಿ ಗಂಗಾದೇವಿ ರೊಟ್ಟಿ ತಟ್ಟುತ್ತಲೇ ಮುಗಿಸಿಕೊಟ್ಟಿದ್ದಳು. "ಬಾಗಲಾ ಒಬ್ಬರಿಗಷ್ಟ ತೆರೀತೈತಿ. ಕೂಸು ಅಪ್ಪನ ಕಡೆ ಉಳೀತೈತಿ. ಅದು ರಿವಾಜು."

"ಯಾರ ರಿವಾಜು ಆಯಿ? ನಾ ಬರದ ಬಾವಿ ಅದು!"

"ಎಲ್ಲಾ ಬಾವೀದೂ ಅದ ರಿವಾಜು," ಎಂದು ಆಯಿ ರೊಟ್ಟಿ ಮಗುಚಿದ್ದಳು. ಆರು ತಿಂಗಳಿದ್ದ ಕೂಸನ್ನು ಎಂಟು ತಿಂಗಳು ಮಾಡಿಸಿದವಳೂ ಆಕೆಯೇ. "ಎಂಟ ತಿಂಗಳಿಗೆ ಕೂಸು ಬಾಗಲಾ ಹಿಡಕೊಂಡು ನಿಂದರತೈತಿ. ಆಗ ಬಿಡೂದು ಭಾಳ ಕಠಿಣ." ಇದೆಲ್ಲ ಆಕೆಗೆ ಹೇಗೆ ಹೊಳೆಯುತ್ತದೆ ಎಂದು ಸೃಷ್ಟಿ ಬೆರಗಾಗಿದ್ದಳು. ಆಕೆಗಿಂತ ತಾನೇ ದೊಡ್ಡ ಬರಹಗಾರ್ತಿ ಎಂಬ ಭ್ರಮೆಯೂ ಆ ದಿನ ಸ್ವಲ್ಪ ಇಳಿದಿತ್ತು.

ಕೂಸಿನ ಕಿವಿಯಲ್ಲಿ ಹೇಳುವ ಒಡಪೂ ಆಯಿಯ ಬಾಯಿಂದಲೇ ಬಂದದ್ದು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸರು ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ನಾಲ್ಕು ಮಂದಿ ಕಾಡಿದಾಗ ಎರಡು ಸಾಲು ಕಟ್ಟಿ, ಅದರೊಳಗೆ ಹೆಸರನ್ನು ಕೂಡಿಸಿ, ಸೆರಗಿನಲ್ಲಿ ನಗುತ್ತ ಹೇಳಿಬಿಡುತ್ತಾರೆ. ಒಬ್ಬೊಬ್ಬಳಿಗೆ ಅವಳದೇ ಒಡಪು. ಆಯಿ ಮಂದಿಯೆದುರು ಹೇಳುವ, ಗಂಡ ಗುರುಪುತ್ರಪ್ಪನ ಹೆಸರಿನ ಒಡಪಿನಲ್ಲಿ ಬೆಳ್ಳಿ ತಾಟು, ಬಂಗಾರದ ಬಟ್ಟಲು ಎಲ್ಲ ಇದ್ದವು. ಆದರೆ ಒಬ್ಬಳೇ ಇದ್ದಾಗ, ಪಲ್ಯ ಹೆಚ್ಚುತ್ತ, ಆಕೆ ಗುನುಗುತ್ತಿದ್ದದ್ದು ಬೇರೆ:

'ಹಸಿ ಮಣ್ಣಿಗಿ ಹೆಸರಿಲ್ಲ, ಸುಟ್ಟ ಮ್ಯಾಲ ಹಂಚು;
ಹ್ಞೂಂ ಹ್ಞೂಂನ ಹೆಸರ ಹೇಳತೀನಿ, ಮಲಪ್ರಭಾದ ಅಂಚು.'

ಹೆಸರಿನ ಜಾಗದಲ್ಲಿ ಬರೀ ಹ್ಞೂಂಕಾರ. ಸೃಷ್ಟಿಗೆ ಅದರಲ್ಲಿ ವಿಶೇಷ ಕಂಡಿರಲಿಲ್ಲ. ಹೆಂಗಸರು ಗಂಡನ ಹೆಸರು ನುಂಗುವುದು ಹೊಸದೇನಲ್ಲವಲ್ಲ. ಆ ಖಾಲಿ ಜಾಗದಲ್ಲಿ ವೀರನಾಯಕನನ್ನು ಕೂರಿಸಿ ಮೇಘನಾಳ ಬಾಯಿಗೆ ಕೊಟ್ಟಿದ್ದಳು. ಅಜ್ಜ ಗುರುಪುತ್ರಪ್ಪ ಮೂವತ್ತು ವರ್ಷ ಬೆಳಗಾವಿಯ ಜವಳಿ ಅಂಗಡಿಯಲ್ಲಿ ಗಜಕಡ್ಡಿ ಹಿಡಿದವನು, ಅವನಿಗೂ ಹಂಚಿಗೂ ಮಲಪ್ರಭೆಗೂ ಏನು ಸಂಬಂಧ ಎಂದು ಕೇಳಿಕೊಳ್ಳಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಸಂಜೆ ರಾಮತೀರ್ಥ ನಗರದ ಮನೆಗೆ ಬಂದಾಗ ಆಯಿ ಕಟ್ಟೆಯ ಮೇಲೆ ಬಟಾಣಿ ಸುಲಿಯುತ್ತಿದ್ದಳು. ಅಪ್ಪ, ಅವ್ವ ಗೋಕಾಕದ ಮದುವೆಗೆ ಹೋಗಿದ್ದರು. ಒಳಗೆ ಅಜ್ಜ ಟಿ.ವಿ.ಯಲ್ಲಿ ಬಾಜಾರ ಭಾವ ಕೇಳುತ್ತಿದ್ದ. ಪ್ರತಿಕ್ರಿಯೆಗಳನ್ನು ಆಯಿಗೆ ಓದಿ ಹೇಳುವುದು ಆರು ತಿಂಗಳ ವಾಡಿಕೆ. ಸೃಷ್ಟಿ ಬೈಗುಳಗಳನ್ನೆಲ್ಲ ಧ್ವನಿ ಬದಲಿಸಿ, ಅಣಕಿಸಿ, ನಗುತ್ತ ಓದಿದಳು. ನಾಯಿಯದನ್ನೂ ಓದಿದಳು, ಬಾಯಿಗೆ ಬೀಳಬೇಕಾದ ಮಣ್ಣನ್ನೂ ಓದಿದಳು. ಆಯಿ ನಗಲಿಲ್ಲ.

"ಬದಲ ಮಾಡಲೇನ ಆಯಿ? ಮಂದಿ ಭಾಳ ಸಿಟ್ಟಾಗ್ಯಾರ."

"ಬ್ಯಾಡ. ಆದದ್ದನ್ನ ಬದಲ ಮಾಡಾಕ ಬರಂಗಿಲ್ಲ." ಆಯಿ ಬಟಾಣಿ ಸಿಪ್ಪೆಯನ್ನು ಕಾಳಿನ ಬುಟ್ಟಿಗೆ ಹಾಕಿದಳು, ಮತ್ತೆ ಆರಿಸಿ ತೆಗೆದಳು. "ಒಬ್ರೂ ಅಕೀ ಪರ ಮಾತಾಡಿಲ್ಲೇನು?"

"ಒಬ್ರು ಅದಾರ. ತಡಿ." ಸೃಷ್ಟಿ ಹುಡುಕಿ ತೆಗೆದಳು. "'ಎಲ್ಲಾರೂ ಅಕೀನ್ನ ಬೈಯಾಕ ಹತ್ತೀರಿ. ಬಾಗಿಲಾ ಅಕಿ ಮುಚ್ಚಿಲ್ಲ. ಮುಚ್ಚಿದವರ್ನ ಯಾರೂ ಕೇಳವಲ್ರಿ. ಕೂಸು ಬದಕತೈತಿ. ಕೂಸಿಗೆ ತಾಯಿ ಮ್ಯಾಲ ಸಿಟ್ಟಿರಂಗಿಲ್ಲ, ಇದು ನನಗ ಗೊತ್ತೈತಿ.' ಚಂದ್ರವ್ವ ಅಂತ. ಖಾನಾಪುರದಾಕಿ."

ಆಯಿಯ ಕೈ ನಿಂತಿತು. "ಇನ್ನೊಮ್ಮೆ ಓದು."

ಸೃಷ್ಟಿ ಓದಿದಳು.

"ಊರ ಯಾವದಂದಿ?"

"ಖಾನಾಪುರ, ಆಯಿ. ನೋಡ, ಈಕೀನ ಮೆಸೇಜೂ ಮಾಡ್ಯಾಳ. ಈಗಽ ಬಂದೈತಿ." ಸೃಷ್ಟಿ ಇನ್ನೂ ನಗುತ್ತಲೇ ಶುರು ಮಾಡಿದಳು. "'ಮೇಡಂ, ನಾ ಅಂಗನವಾಡಿ ಟೀಚರ್. ನೀವು ಬರದ ಒಡಪು ನಮ್ಮವ್ವ ಸ್ವಂತ ಕಟ್ಟಿದ್ದು. ನಾ ಎಂಟ ತಿಂಗಳಾಕಿ ಇದ್ದಾಗ ಅಕಿ ತೀರಕೊಂಡ್ಳು. ಈ ಒಡಪು ನಮ್ಮ ಮನಿ ಬಿಟ್ಟ ಎಲ್ಲೂ ಇಲ್ಲ. ಲಗ್ನ ಆದ ವಾರದಾಗ ನಮ್ಮಪ್ಪ ಇದನ್ನ ಹಸಿ ಹಂಚಿನ ಮ್ಯಾಲ ಬರದು ಭಟ್ಟಿಗೆ ಹಾಕಿದ್ದ. ಫೋಟೋ ಕಳಸೀನಿ. ನಿಮಗ ಇದನ್ನ ಯಾರ ಹೇಳಿದ್ರು? ಅವ್ರು ನಮ್ಮವ್ವನ್ನ ಕಂಡವರ ಇರಬೇಕು. ಕೈ ಮುಗೀತೀನಿ, ಹೇಳ್ರಿ...'"

ಎಂಟು ತಿಂಗಳು ಎಂಬಲ್ಲಿಗೇ ಸೃಷ್ಟಿಯ ನಗು ಹೋಗಿತ್ತು. ಆಯಿ ಕೈ ಚಾಚಿ ಮೊಬೈಲು ಇಸಿದುಕೊಂಡಳು. ಚಷ್ಮಾ ಏರಿಸಿ ಫೋಟೋದೊಳಗಿನ ಕೆಂಪು ಹಂಚನ್ನು ನೋಡಿದಳು. ಬೆರಳಿನಿಂದ ಕೊರೆದ ದಪ್ಪ ಅಕ್ಷರಗಳು. ಆಯಿ ಗಟ್ಟಿಯಾಗಿ, ಒಂದನೇ ಇಯತ್ತೆಯ ಮಕ್ಕಳಂತೆ ಒಂದೊಂದೇ ಶಬ್ದ ಓದಿದಳು.

"ಹಸಿ ಮಣ್ಣಿಗಿ ಹೆಸರಿಲ್ಲ, ಸುಟ್ಟ ಮ್ಯಾಲ ಹಂಚು. ಲಕ್ಷ್ಮಪ್ಪನ ಹೆಸರ ಹೇಳತೀನಿ, ಮಲಪ್ರಭಾದ ಅಂಚು."

ಈ ಸಲ ಹ್ಞೂಂಕಾರ ಇರಲಿಲ್ಲ. ಒಳಗೆ ಬಾಜಾರ ಭಾವ ಹೇಳುತ್ತಿದ್ದವನ ಬಾಯಿ ಥಟ್ಟನೆ ಮುಚ್ಚಿತು. ಅಜ್ಜ ಟಿ.ವಿ. ಆರಿಸಿದ್ದ.

"ಆಯಿ," ಅಂದಳು ಸೃಷ್ಟಿ. "ಲಕ್ಷ್ಮಪ್ಪ ಯಾರು?"

"ಮೊದಲ ನನ್ನ ಕೊಟ್ಟ ಮನಿ ಅದು." ಆಯಿ ಮೊಬೈಲನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಳು. "ಹಂಚಿನ ಕಾರಖಾನ್ಯಾಗ ಮಿಸ್ತ್ರಿ ಇದ್ದರು. ಚಲೋ ಮನಿಶ್ಯಾ. ಅಣ್ಣನ ಲಗ್ನಕ್ಕಂತ ನಾ ತವರಮನೀಗೆ ಬಂದಿದ್ದೆ. ಆ ಲಗ್ನದಾಗ ನಮ್ಮಪ್ಪಗೂ ನಮ್ಮ ಮಾವಗೂ ಮಾತಿಗೆ ಮಾತ ಬೆಳೀತು. ಉಡುಗೊರಿ ಪಟಗಾ ಮೊದಲ ಯಾರ ತಲೀಗೆ ಸುತ್ತಬೇಕ ಅನ್ನೂದರ ಮ್ಯಾಲ. ಹಿರ್ಯಾರ ಕುಂತು ಸೋಡಚೀಟಿ ಬರದು ಲಗ್ನಾ ಮುರದ್ರು. ಕೂಸು ಅಪ್ಪನ ಮನೀದು ಅಂತಂದು ಮಲಗಿದ್ದಾಗ ಎತ್ತಿಕೊಂಡ ಹೋದ್ರು. ಮೂರ ವರ್ಷದ ಮ್ಯಾಲ ನಿಮ್ಮಜ್ಜನ ಜೋಡಿ ಉಡಿಕಿ ಆತು."

"ಒಂದ ಪಟಗಾದ ಸಲುವಾಗಿ?"

"ಹೂಂ."

ಉಡಿಕೆ, ಎರಡನೇ ಮದುವೆ. ತಮ್ಮ ಮಂದಿಯಲ್ಲಿ ಅದು ಪಾಪವೇನಲ್ಲ ಎಂದು ಸೃಷ್ಟಿಗೆ ಗೊತ್ತಿತ್ತು. ಆದರೆ ಅಪ್ಪನಿಗೊಬ್ಬಳು ಅಕ್ಕ ಇದ್ದಾಳೆ, ಆ ಅಕ್ಕ ತನ್ನ ಕಾದಂಬರಿ ಓದುತ್ತಿದ್ದಾಳೆ, ಇಷ್ಟು ದಿನ ಅದು ಯಾರಿಗೂ ಗೊತ್ತಿಲ್ಲ ಎಂಬುದು ತಲೆಯೊಳಗೆ ಇಳಿಯಲು ಒಪ್ಪಲೇ ಇಲ್ಲ. ನಾಯಿ, ಮರಿ, ಮಣ್ಣು ಎಂದು ಅಣಕಿಸಿ ಓದಿದ್ದು ನೆನಪಾಗಿ ನಾಲಿಗೆ ಕಿತ್ತಿಡಬೇಕೆನ್ನಿಸಿತು. ಅದರ ಬೆನ್ನಿಗೇ ಸಿಟ್ಟೂ ಬಂತು. "ಆಯಿ, ಖಾನಾಪುರ ಇಲ್ಲೇ ಐತಿ. ಇಪ್ಪತ್ತಾರು ಕಿಲೋಮೀಟರ್!"

"ಇಪ್ಪತ್ತಾರಽ," ಅಂದಳು ಆಯಿ.

ಗೋವಾಕ್ಕೆ ಹೋಗುವಾಗಲೆಲ್ಲ ಅಜ್ಜ ಹಟ ಹಿಡಿದು ಖಾನಾಪುರದ ದಾರಿ ಬಿಟ್ಟು ಚೋರ್ಲಾ ಘಾಟಿನ ಮೇಲೆ ಗಾಡಿ ಹೊಡೆಸುತ್ತಿದ್ದ. ಊರಿಗೇ ಒಂದು ದಾರಿ ಆದರೆ ಅಜ್ಜನಿಗೇ ಒಂದು ದಾರಿ ಎಂದು ಮನೆಮಂದಿಯೆಲ್ಲ ನಗುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತ ಆಯಿಯೂ ನಗುತ್ತಿದ್ದಳು.

ಅಜ್ಜ ಹೊರಗೆ ಬಂದ. ಕೈಯಲ್ಲಿ ತಂಬಿಗೆ. ಅದನ್ನು ಆಯಿಯ ಮುಂದೆ ಇಟ್ಟ. ಆತ ಹೆಂಡತಿಗೆ ನೀರು ತಂದು ಕೊಟ್ಟದ್ದನ್ನು ಸೃಷ್ಟಿ ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಆ ಊರ ಹೆಸರು ಮನ್ಯಾಗ ಬರಬಾರದು ಅಂತ ನಮ್ಮವ್ವ ಹೇಳಿದ್ಳು," ಅಂದ ಅಜ್ಜ, ಯಾರನ್ನೂ ನೋಡದೆ. "ಅಕಿ ಹೋಗಿ ನಲವತ್ತ ವರ್ಷ ಆತು. ನಾನೂ ಸುಮ್ಮನ ನಡಸಿಕೊಂಡ ಬಂದೆ." "ಹೋಗಿ ಬಾ," ಅಂದು ಒಳಗೆ ಹೋದ.

ಸೃಷ್ಟಿ ಆ ಮೆಸೇಜಿಗೆ ಹತ್ತು ಸಲ ಉತ್ತರ ಬರೆದು ಅಳಿಸಿದಳು. ಆರು ತಿಂಗಳು ಪುಟಗಟ್ಟಲೆ ಬರೆದವಳಿಗೆ ಒಂದು ಸಾಲು ಬರಲಿಲ್ಲ. ಕೊನೆಗೆ, 'ಒಡಪು ಹೇಳಿದವರನ್ನ ಕರ್ಕೊಂಡು ರವಿವಾರ ಬರ್ತೀನ್ರಿ' ಎಂದಷ್ಟೇ ಕಳಿಸಿದಳು. 'ದೇವರ ಬಂದಂಗಾತು' ಎಂದು ಉತ್ತರ ಬಂತು.

ರವಿವಾರ ಬೆಳಿಗ್ಗೆ ಆಯಿ ಮೂರು ಸೀರೆ ತೆಗೆದು, ಮೂರನ್ನೂ ಒಳಗಿಟ್ಟು, ದಿನದ ಹತ್ತಿಯ ಸೀರೆಯನ್ನೇ ಉಟ್ಟಳು. ಹೊರಡುವಾಗ ಅಜ್ಜ ಬಾಗಿಲ ತನಕ ಬಂದ. "ಬಸ್ಸಿನ್ಯಾಗ ಬಲಕ್ಕ ಕುಂದರ್ರಿ. ಹೋಗೂ ಮುಂದ ಆ ಕಡೆ ಬಿಸಲ ಬೀಳಂಗಿಲ್ಲ." ಆ ದಾರಿಯನ್ನೇ ತುಳಿಯದ ಅಜ್ಜನಿಗೆ ಅದು ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಆಯಿ ಅವನ ಮುಖವನ್ನು ಒಂದು ಗಳಿಗೆ ನೋಡಿ ಚಪ್ಪಲಿ ಮೆಟ್ಟಿದಳು.

ಬಸ್ಸು ಮುಕ್ಕಾಲು ಗಂಟೆಯಲ್ಲಿ ಖಾನಾಪುರಕ್ಕೆ ತಂದು ಇಳಿಸಿತು. "ಇಷ್ಟಽ?" ಅಂದಳು ಆಯಿ.

ಚಂದ್ರವ್ವನ ಮನೆ ಮುಚ್ಚಿಹೋದ ಹಂಚಿನ ಕಾರಖಾನೆಯೊಂದರ ಹಿಂದಿನ ಓಣಿಯಲ್ಲಿತ್ತು. ಅವಳು ಹೊಸ್ತಿಲಲ್ಲೇ ಕಾಯುತ್ತಿದ್ದಳು. ಐವತ್ತು ದಾಟಿದ ಗಟ್ಟಿಮುಟ್ಟು ಹೆಂಗಸು, ಹಸಿರು ಇಳಕಲ್ ಸೀರೆ. ಸೃಷ್ಟಿ ಅವಳ ಗದ್ದ ನೋಡಿದಳು. ಅದು ಅಪ್ಪನ ಗದ್ದ. ಪಕ್ಕದ ಮನೆಯಾಕೆ "ಕೋಣ ಆಲಂಯ ಗ?" ಎಂದು, ಯಾರು ಬಂದರೆಂದು ಮರಾಠಿಯಲ್ಲಿ ಕೂಗಿ ಕೇಳಿದ್ದಕ್ಕೆ, "ಬೆಳಗಾಂವಚೆ ಪಾವಣೆ!" ಎಂದು ಅತಿಥಿಗಳು ಬಂದ ಹಿಗ್ಗಿನಿಂದ ಕೂಗಿ ಹೇಳಿ, ಕನ್ನಡಕ್ಕೆ ತಿರುಗಿದಳು. "ಬರ್ರಿ ಮೇಡಂ, ಒಳಗ ಬರ್ರಿ. ಎಷ್ಟ ಸಣ್ಣಾಕಿ ಅದೀರಿ ನೀವು! ಇವ್ರು ಯಾರ್ರಿ?"

"ಒಡಪು ಹೇಳಿದವರು," ಅಂದಳು ಸೃಷ್ಟಿ. "ನಮ್ಮ ಆಯಿ."

"ಕುಂದರ್ರಿ ಅಮ್ಮಾರ. ನೀರ ತರ್ತೀನಿ."

ನಡುಮನೆಯಲ್ಲಿ ಗೋಡೆಗೊಂದು ಜಗಲಿ. ಹಾರ ಹಾಕಿದ ಗಂಡಸಿನ ಫೋಟೋ, ಅದರ ಪಕ್ಕ ಆ ಹಂಚು. ಹಂಚಿನ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ, ಒಂದು ಹಳದಿ ಸೇವಂತಿಗೆ. ಆಯಿ ಕೂರಲಿಲ್ಲ. ಹಂಚಿನ ಎದುರು ನಿಂತಳು. ಮೊದಲು ಫೋಟೋ ನೋಡಿದಳು, ಬಹಳ ಹೊತ್ತು ಹಂಚನ್ನು ನೋಡಿದಳು.

"ನಮ್ಮವ್ವಂದ ಫೋಟೋ ಇಲ್ರಿ," ಅಂದಳು ಚಂದ್ರವ್ವ ನೀರು ಕೊಡುತ್ತ. "ಅದಕ್ಕ ಅಪ್ಪ ಹಂಚನ್ನ ಜಗಲಿ ಮ್ಯಾಲ ಇಟ್ಟ. ಅವನೂ ಹೋಗಿ ಒಂಬತ್ತ ವರ್ಷ ಆತು. ನಾ ದಿನಾ ಹೂವ ಏರಸತೀನಿ."

ಆಯಿ ನೀರಿನ ಲೋಟವನ್ನು ಕುಡಿಯದೆ ಕೆಳಗಿಟ್ಟಳು. ಏನಾದರೂ ಆಡಬೇಕೆಂದು, "ಸೀರಿ ಚಲೋ ಐತಿ," ಅಂದಳು.

"ಅವ್ವಗ ಇಟ್ಟದ್ದರಿ ಇದು. ನವಮಿಯೊಳಗ ಹಿರ್ಯಾರಿಗೆ ಎಡಿ ಹಿಡಿಯೂ ಮುಂದ ವರ್ಷಾ ಒಂದ ಹೊಸಾ ಸೀರಿ ಇಡತೀವಿ. ಸತ್ತಾಕೀ ಸೀರಿ ಮಗಳ ಉಡಬೇಕಲ್ರಿ. ಮೊದಲ ಅಪ್ಪ ತರತಿದ್ದ, ತಾನಽ ಆರಿಸಿ. ಹಸರಂದ್ರ ಅಕೀಗೆ ಜೀವ ಅಂತಿದ್ದ." ಚಂದ್ರವ್ವ ಆಯಿಯ ಹತ್ತಿರ ಬಂದು ನಿಂತಳು. "ನೀವು ನಮ್ಮವ್ವನ್ನ ನೋಡೀರೇನ್ರಿ? ಹ್ಯಾಂಗಿದ್ಳು?"

ಸೃಷ್ಟಿ ನೆಲ ನೋಡಿದಳು. ಇಂಥ ಕ್ಷಣಕ್ಕೆ ಅವಳ ಕಾದಂಬರಿಯಲ್ಲಿ ಗುಡುಗು ಬರುತ್ತಿತ್ತು, ದೀಪ ಆರುತ್ತಿತ್ತು. ಇಲ್ಲಿ ಅಡಿಗೆಮನೆಯಲ್ಲಿ ಕುಕ್ಕರು ಸೀಟಿ ಹಾಕಿತು.

"ನಾನಽ," ಅಂದಳು ಆಯಿ.

"ಏನ್ರಿ?"

"ನಾನಽ ಅದು. ನಾ ಸತ್ತಿಲ್ಲ ಚಂದ್ರಿ."

ಚಂದ್ರವ್ವ ನಕ್ಕಳು. ಮುದುಕಿಯರು ಏನೇನೋ ಅನ್ನುತ್ತಾರೆ ಎಂಬ ನಗು. ಆ ನಗು ಮುಖದ ಮೇಲೆ ಹಾಗೇ ಉಳಿಯಿತು, ಕಣ್ಣು ಮಾತ್ರ ಸೃಷ್ಟಿಯ ಕಡೆ ಹೊರಳಿತು. ಸೃಷ್ಟಿ ತಲೆಯಾಡಿಸಿದಳು. ಚಂದ್ರವ್ವ ಗೋಡೆ ಹಿಡಿದು, ನಿಧಾನಕ್ಕೆ ಕೆಳಗೆ ಕೂತಳು.

"ಅಪ್ಪಗ ಗೊತ್ತಿತ್ತೇನು?"

"ಗೊತ್ತಿತ್ತು. ಸೋಡಚೀಟಿಗೆ ಅವರದ ಸಹಿ ಐತಿ."

"ಮತ್ತ ಸೀರಿ ತರತಿದ್ನಲ್ಲ!" ಚಂದ್ರವ್ವನ ದನಿ ಏರಿತು. "ಜೀವಂತ ಇದ್ದಾಕಿಗೆ ಎಡಿ ಹಿಡದನೇನು? ನಾ ಇಷ್ಟ ವರ್ಷ ಯಾರಿಗೆ ಕೈ ಮುಗದೆ? ಎಲ್ಲಿದ್ರಿ ನೀವು?"

"ಬೆಳಗಾಂವಿಯೊಳಗ."

"ಬೆಳಗಾಂವಿಯೊಳಗ," ಅಂದಳು ಚಂದ್ರವ್ವ. ಸೆರಗಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು, ಬಿಟ್ಟಳು. "ನಾ ನಿಮ್ಮ ಮಮ್ಮಗಳ ಕತಿ ಓದಿ ಮಂದಿ ಜೋಡಿ ಜಗಳಾಡೀನಿ. ಅಕೀದೇನ ತಪ್ಪಿಲ್ಲ ಅಂತ ಬರದೀನಿ. ಕತ್ಯಾಗಿನಾಕಿಗೆ ಮುನ್ನೂರ ವರ್ಷ ಅಡ್ಡ ಇದ್ವು. ನಿಮಗೇನ ಅಡ್ಡ ಇತ್ತರಿ? ಇಪ್ಪತ್ತಾರ ಕಿಲೋಮೀಟರ್!"

ಆ ಮುನ್ನೂರು ಬೈಗುಳಗಳಲ್ಲಿ ಒಂದೂ ಇಷ್ಟು ಸಣ್ಣದಾಗಿರಲಿಲ್ಲ, ಒಂದೂ ಇಷ್ಟು ನಾಟುವಂತಿರಲಿಲ್ಲ. ಆಯಿ ಅವಳೆದುರು ನೆಲದ ಮೇಲೆ ಕಷ್ಟಪಟ್ಟು ಕೂತಳು.

"ಎರಡ ಸಲ ಇಲ್ಲೀ ಬಸ್‌ಸ್ಟ್ಯಾಂಡಿನ ತನಕಾ ಬಂದಿದ್ದೆ," ಅಂದಳು. "ಎರಡನೇ ಸಲ ನೀ ಸಾಲಿಗೆ ಹೊಂಟಿದ್ದಿ, ನಿಮ್ಮಪ್ಪನ ಬೆರಳ ಹಿಡಕೊಂಡು. ಎದ್ದ ಬರಬೇಕಂದೆ. ನೀ 'ಇವ್ರು ಯಾರು' ಅಂತ ಕೇಳಿದ್ರ ಏನ ಹೇಳಲಿ ಅಂತ ಅಂಜಿಕಿ ಬಂತು. ಮುಂದ ವರ್ಷಾ ಆ ಅಂಜಿಕಿ ದೊಡ್ಡದಾಕೋತ ಹೋತು. ನನಗ ಬ್ಯಾರೆ ಏನೂ ಅಡ್ಡ ಇರಲಿಲ್ಲ. ಸುಳ್ಳ ಯಾಕ ಹೇಳಲಿ?"

"ಇವತ್ತ ಬಾಗಲದಾಗ ಅದನ್ನಽ ಕೇಳಿದೆನಲ್ಲ," ಅಂದಳು ಚಂದ್ರವ್ವ. "ಇವ್ರು ಯಾರಂತ."

"ಹೂಂ. ಕೇಳಿದಿ."

ಯಾರೂ ಅಳಲಿಲ್ಲ. ಅತ್ತಿದ್ದರೆ ಸೃಷ್ಟಿಗೆ ಹಗುರಾಗುತ್ತಿತ್ತು. ಕುಕ್ಕರು ಮತ್ತೆರಡು ಸೀಟಿ ಹಾಕಿತು. ಚಂದ್ರವ್ವ ಎದ್ದು ಹೋಗಿ ಗ್ಯಾಸು ಆರಿಸಿದಳು. ಪಕ್ಕದ ಮನೆಯ ರೇಡಿಯೊದಲ್ಲಿ ಮರಾಠಿ ವಾರ್ತೆ ಮುಗಿದು ಜಾಹೀರಾತು ಶುರುವಾಯಿತು. ಹೊರಟುಬಿಡೋಣವೇ ಎಂದು ಸೃಷ್ಟಿ ಕಣ್ಣಲ್ಲೇ ಕೇಳಿದಳು. ಆಯಿ ಕದಲಲಿಲ್ಲ.

ಚಂದ್ರವ್ವ ಹೊರಗೆ ಬಂದಳು. ಅವರಿಬ್ಬರ ಕಡೆ ನೋಡಲಿಲ್ಲ. ನೇರ ಜಗಲಿಗೆ ಹೋಗಿ, ಹಂಚಿನ ಮೇಲಿನ ಸೇವಂತಿಗೆಯನ್ನು ತೆಗೆದು ಅಪ್ಪನ ಫೋಟೋದ ಮುಂದಿಟ್ಟಳು. ಹಂಚನ್ನು ಎರಡೂ ಕೈಯಿಂದ ಇಳಿಸಿಕೊಂಡು ಬಂದು, ಬಾಗಿಲ ಬೆಳಕಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಆಯಿ ಕುಡಿಯದೆ ಬಿಟ್ಟ ಲೋಟದ ನೀರಿನಲ್ಲಿ ಹಸಿರು ಸೆರಗಿನ ತುದಿ ಅದ್ದಿದಳು. ವಿಭೂತಿಯ ಮೊದಲ ಪಟ್ಟೆಯನ್ನು ಒರೆಸಿದಳು, ಎರಡನೆಯದನ್ನು ಒರೆಸಿದಳು. ಮೂರನೆಯದು ವರ್ಷಗಟ್ಟಲೆ ಅಕ್ಷರಗಳ ಗೆರೆಯೊಳಗೆ ಇಳಿದು ಗಟ್ಟಿಯಾಗಿತ್ತು. ಅವಳು ಸೆರಗನ್ನು ಮತ್ತೆ ಅದ್ದಿ, ಉಗುರಿನಿಂದ ಒಂದೊಂದೇ ಅಕ್ಷರ ಬಿಡಿಸತೊಡಗಿದಳು.